ಭಾವನ ಮುಖ ಹುಡುಕುವ ಟಿವಿ

"ನೋಡ್ತಾ ಇರಕ್ಕ, ಈ ಭೂಮಂಡಲದಲ್ಲೇ ಇಂಥ ಟಿವಿ ಸ್ಟ್ಯಾಂಡ್ ಇಲ್ಲ!" ಗೋಡೆಗೆ ಕೊನೆಯ ಸ್ಕ್ರೂ ಬಿಗಿದ ವಾಮನ ಎದೆಯುಬ್ಬಿಸಿ ನಿಂತ.

ಪಂಕಜಮ್ಮನಿಗೆ ಅದೇನೂ ಬೇಕಿರಲಿಲ್ಲ. ಗೋಡೆಗೆ ಅಂಟಿಕೊಂಡು ತೆಪ್ಪಗಿರುವ ಸಾದಾ ಸ್ಟ್ಯಾಂಡೇ ಸಾಕು ಎಂದು ಅಂಗಡಿಯಲ್ಲೇ ಹೇಳಿದ್ದರು. ತಮ್ಮ ಕೇಳಬೇಕಲ್ಲ! ಹಾಸಿಗೆ ಹಿಡಿದಿದ್ದ ಭಾವ, ಪಂಕಜಮ್ಮನ ಯಜಮಾನರು, ಯಾವ ಮಗ್ಗುಲಿಗೆ ಹೊರಳಿದರೂ ಅವರ ಮುಖ ಹುಡುಕಿಕೊಂಡು ಟಿವಿಯೇ ಹೋಗಬೇಕೆಂದು ಈ ಉದ್ದ ತೋಳಿನ ಯಂತ್ರ ಮಾಡಲು ಕೂತಿದ್ದ. ಅವನ ಕೆಲಸ ಮುಗಿಯುವ ಮೊದಲೇ ಭಾವ ಹೋಗಿಬಿಟ್ಟರು.

"ಇನ್ಮೇಲೆ ನಿನ್ನ ಮುಖ ನೋಡುತ್ತೆ, ಕೂತ್ಕೊ!" ಎಂದು ಗುಂಡಿ ಒತ್ತಿದ.

ತೋಳು ಗಿರ್ರೆಂದಿತು. ಟಿವಿ ಪಂಕಜಮ್ಮನನ್ನು ಒಂದು ಗಳಿಗೆ ದಿಟ್ಟಿಸಿ, ಬೆನ್ನು ತಿರುಗಿಸಿ, ಎದುರು ಗೋಡೆಯತ್ತ ಹೊರಟೇಬಿಟ್ಟಿತು. ಅಲ್ಲಿ ಹಾರ ಹಾಕಿದ ಯಜಮಾನರ ಫೋಟೋ! ಅದರ ಮುಂದೆ ನಿಂತು ಜೋರಾಗಿ ವಾರ್ತೆ ಹೇಳತೊಡಗಿತು.

"ಅಯ್ಯೋ, ಭಾವನ ಮುಖ ಅದರ ತಲೇಲೇ ಉಳ್ಕೊಂಡಿದೆ!"

"ನಿನ್ನ ತಲೇಲಿ ಏನು ಉಳ್ಕೊಂಡಿದೆಯೋ, ಮಹರಾಯ!"

ಪಂಕಜಮ್ಮ ಫೋಟೋ ತೆಗೆದುಕೊಂಡು ದೇವರಮನೆಗೆ ನಡೆದರು. ತೋಳು ಚಾಚಿಕೊಂಡು ಟಿವಿ ಹಿಂದೆಯೇ ಬಂತು! ಗೋಡೆಯ ಗಾರೆ ಉದುರಿತು, ನೀರಿನ ಚೊಂಬು ಉರುಳಿತು. ಗದ್ದಲ ಕೇಳಿ ಓಡಿ ಬಂದ ಪಕ್ಕದ ಮನೆ ಜಯಶೀಲಮ್ಮನನ್ನು ಅದು ಪಕ್ಕಕ್ಕೆ ತಳ್ಳಿತು.

"ಏನ್ರೀ ಇದು, ನಿಮ್ಮ ಟಿವಿ ನನ್ನನ್ನೇ ನೂಕ್ತಾ ಇದೆ!"

ಪಂಕಜಮ್ಮ ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಟಿವಿ ಗಲಿಬಿಲಿಗೊಂಡಿತು. ಕೋಣೆಯ ಖಾಲಿ ಮಂಚದ ಮೇಲೆ ಬಗ್ಗಿ ನೋಡಿತು. ಆರಾಮಕುರ್ಚಿ ನೋಡಿತು, ಬೀದಿ ಬಾಗಿಲು ನೋಡಿತು, ಮತ್ತೆ ಮಂಚದ ಹತ್ತಿರ ಹೋಯಿತು. ಪಂಕಜಮ್ಮ ಅದನ್ನೇ ನೋಡುತ್ತ ನಿಂತರು. ಯಜಮಾನರು ಹೋದಾಗಿನಿಂದ ತಾನೂ ದಿನಾ ಹೀಗೇ ಹುಡುಕುತ್ತಿದ್ದೇನಲ್ಲ!

"ಪಾಪ ಕಣೋ" ಎನ್ನುತ್ತ ಫೋಟೋವನ್ನು ಮೊದಲಿನ ಮೊಳೆಗೇ ತಗುಲಿಸಿದರು.

"ದಾರಿ ಒಂದಿದೆ ಅಕ್ಕ. ನೀನು ಗಟ್ಟಿಯಾಗಿ ಭಾವನ ಹೆಸರು ಹೇಳಿದ್ರೆ ಅವರ ಮುಖ ಅಳಿಸಿಹೋಗುತ್ತೆ. ಬಾಯಿ ತಪ್ಪಿ ಅಳಿಸಿಹೋಗಬಾರದಲ್ಲ, ಅದಕ್ಕೇ ನೀನು ಯಾವತ್ತೂ ಹೇಳದ ಮಾತನ್ನೇ ಇಟ್ಟಿದ್ದೆ!"

"ಹೇಳಿಬಿಡ್ರೀ, ಈಗೇನಂತೆ" ಎಂದರು ಜಯಶೀಲಮ್ಮ.

ಪಂಕಜಮ್ಮ ಬಾಯಿ ತೆರೆದರು. ಮದುವೆಯಾದಾಗಿನಿಂದ 'ರೀ' ಎಂದೇ ಕರೆದ ನಾಲಿಗೆ. ಹೆಸರು ತುದಿಯವರೆಗೂ ಬಂತು. ಜೊತೆಗೆ ಅಳುವೂ ಬಂತು.

"ಬದುಕಿದ್ದಾಗ ಒಂದು ದಿನ ಹೆಸರು ಹಿಡಿದು ಕರೀಲಿಲ್ಲ ಕಣೋ. ಮೊದಲನೇ ಸಲ ಕರೆಯೋದು ಅಳಿಸೋದಕ್ಕಾ?"

ವಾಮನ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡ.

ಈಗ ತೋಳು ನಡುಮನೆಗೆ ಅಡ್ಡಲಾಗಿ ನಿಂತಿದೆ; ಅಡುಗೆಮನೆಗೆ ಹೋಗುವವರೆಲ್ಲ ಬಗ್ಗಿಯೇ ಹೋಗಬೇಕು. ಪಂಕಜಮ್ಮ ಫೋಟೋದ ಕೆಳಗೆ ಕುರ್ಚಿ ಎಳೆದುಕೊಂಡು ಕೂತಿರುತ್ತಾರೆ.

"ಸ್ವಲ್ಪ ಈ ಕಡೆ ತಿರುಗಿಸ್ರೀ, ನಾನೂ ನೋಡ್ತೀನಿ" ಎಂದರು ಒಂದು ದಿನ ಜಯಶೀಲಮ್ಮ.

"ಅದು ನಮ್ಮನೆಯವರ ಟಿವಿ ಕಣ್ರೀ" ಎಂದರು ಪಂಕಜಮ್ಮ. "ನಾನು ಸುಮ್ನೆ ಜೊತೆಗೆ ಕೂತಿದ್ದೀನಿ, ಅಷ್ಟೆ."