ಸಿಮೆಂಟುಹುಳ ಮತ್ತು ಪುಟ್ಟಶಾಮಯ್ಯನವರ ಪಲಾವು

"ಇದು ಬರೀ ಹುಳ ಅಲ್ಲ ಕಣೇ ಮಂದಾಕಿನಿ, ನನ್ನ ಹತ್ತು ತಿಂಗಳ ತಪಸ್ಸು!" ಎಂದು ಭಾವ ಅಂಗೈ ಚಾಚಿದರು. ಅಲ್ಲಿ ಕಡಲೆಕಾಳಿನಷ್ಟು ದಪ್ಪದ, ಆರು ಕಾಲಿನ, ಮೂತಿಗೆ ಬ್ರಷ್ ಕಟ್ಟಿಕೊಂಡ ಉಕ್ಕಿನ ಹುಳವೊಂದು ಮೀಸೆ ಅಲ್ಲಾಡಿಸುತ್ತಿತ್ತು.

ಭಾವ ಎಂದರೆ ನಮ್ಮಕ್ಕನ ಗಂಡ ಡಾಕ್ಟರ್ ನೀಲಕಂಠಯ್ಯ, ಅರಸೀಕೆರೆಯ ದಂತವೈದ್ಯರು. ಅವರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವುದು ನನ್ನ ಕಸುಬು. ಭಾವನ ದನಿಯಲ್ಲೇ ಅಕ್ಕನಿಗೆ ಫೋನು ಮಾಡಿ ಪಕೋಡ ತರಿಸಿಕೊಳ್ಳುವುದು ಉಪಕಸುಬು.

"ರೂಟ್ ಕೆನಾಲ್ ಆದ್ಮೇಲೆ ಸಿಮೆಂಟಿನ ಚೂರುಪಾರು ಹಲ್ಲಿಗೆ ಅಂಟಿಕೊಂಡಿರುತ್ತಲ್ಲ, ಅದನ್ನ ಕೆರೆದೂ ಕೆರೆದೂ ನನ್ನ ಬೆರಳು ಸವೆದುಹೋಯ್ತು. ಇನ್ಮೇಲೆ ಇವನೇ ಉಜ್ತಾನೆ!"

"ಸಿಮೆಂಟು ಯಾವುದು, ಹಲ್ಲು ಯಾವುದು ಅಂತ ಅವನಿಗೆ ಹೆಂಗೆ ಗೊತ್ತಾಗುತ್ತೆ ಭಾವ?"

"ವಾಸನೆ! ನಮ್ಮ ಸಿಮೆಂಟಿಗೆ ಲವಂಗದ ಎಣ್ಣೆ ಹಾಕಿರ್ತಾರೆ. ಲವಂಗದ ವಾಸನೆ ಎಲ್ಲೋ ಇವನು ಅಲ್ಲಿ. ನಾನು 'ಸಾಕು' ಅಂದ್ರೆ ಆಚೆ ಬರ್ತಾನೆ. ನನ್ನ ದನಿಗೆ ಮಾತ್ರ!"

ಅಷ್ಟರಲ್ಲಿ ಮೆಟ್ಟಿಲು ದಡದಡ ಎಂದಿತು. ಕೆಳಗಿನ ಛತ್ರದಲ್ಲಿ ನಿಶ್ಚಿತಾರ್ಥದ ಅಡುಗೆ ಹಿಡಿದಿದ್ದ ಪುಟ್ಟಶಾಮಯ್ಯನವರು ಸೌಟಿನ ಸಮೇತ ಒಳಗೆ ನುಗ್ಗಿದರು.

"ಡಾಕ್ಟ್ರೇ, ನಿನ್ನೆ ನೀವು ತುಂಬಿದ ಸಿಮೆಂಟು ನಾಲಿಗೆಗೆ ತಾಗಿ ಉಪ್ಪು ಖಾರ ಏನೂ ತಿಳೀತಿಲ್ಲ! ಮುನ್ನೂರು ಜನದ ಪಲಾವು ಒಲೆ ಮೇಲಿದೆ. ಗಂಡಿನ ಕಡೆಯೋರಿಗೆ ಹಿಡಿಸಿದ್ರೆ ಮದುವೆ ಅಡುಗೇನೂ ನಂದೇ. ಇಲ್ದಿದ್ರೆ ಹಾಸನದ ಅಡುಗೆಯೋರ ಪಾಲು!"

"ಕೂತ್ಕೊಳ್ಳಿ, ಒಂದೇ ನಿಮಿಷ!"

ಹುಳ ಒಳಗೆ ಹೋಯಿತು. ಕಿರ್ರ್... ಚುರ್ರ್... ಭಾವ "ಸಾಕು" ಎಂದರು. ಹುಳ ಆಚೆ ಬಂತು. ಹಲ್ಲು ಎಂಥ ಹೊಳಪೆಂದರೆ ಅದರಲ್ಲಿ ನೋಡಿಕೊಂಡು ನಾನು ತಲೆ ಬಾಚಿಕೊಳ್ಳಬಹುದಿತ್ತು!

ಭಾವ ಎದೆಯುಬ್ಬಿಸುವಷ್ಟರಲ್ಲಿ ಹುಳ ಮೀಸೆ ತಿರುಗಿಸಿ, ಛಂಗನೆ ಹಾರಿ, ಹೊರಗಿನ ಬೆಂಚಿನತ್ತ ಓಡಿತು.

ನಮ್ಮ ಕಡೆಯವರು ಹಲ್ಲುನೋವು ಬಂದರೆ ನೇರವಾಗಿ ಡಾಕ್ಟರ ಹತ್ತಿರ ಬರುತ್ತಾರೆಯೇ? ಮೊದಲು ಒಂದು ಲವಂಗ ಕಚ್ಚಿಕೊಳ್ಳುತ್ತಾರೆ. ಬೆಂಚಿನ ಮೇಲೆ ಐದು ಜನ, ಐದು ಲವಂಗ!

"ಅಗಗಗಗ!" ಎಂದು ಪೋಸ್ಟ್‌ಮ್ಯಾನ್ ರಂಗೇಗೌಡರು ಕೂಗಿದರು. ಪಕ್ಕದಲ್ಲಿದ್ದ ಇಂದಿರಮ್ಮ ಟೀಚರಿಗೆ ಸಿಟ್ಟು ಬಂತು.

"ಏನ್ರೀ ಇದು ಅನ್ಯಾಯ! ನನ್ನ ಟೋಕನ್ ಮೂರು, ಗೌಡರದ್ದು ಏಳು. ಅವರಿಗೆ ಮೊದಲು ಹೆಂಗೆ ಉಜ್ತು?"

"ಟೀಚರೇ, ನಾ ಕರೆದಿಲ್ಲ, ಅದೇ ಬಂದಿದ್ದು... ಅಗಗಗ!"

ಭಾವ ಓಡಿಬಂದು "ಸಾ..." ಎಂದು ಬಾಯಿ ತೆರೆದರು. ಬಾಯಿ ಘಮ್ಮೆನ್ನಲಿ ಎಂದು ಅವರೂ ಸದಾ ಒಂದು ಲವಂಗ ಇಟ್ಟುಕೊಂಡಿರುತ್ತಾರೆ. ಆ ಅರ್ಧ ಮಾತಿಗೇ ಹುಳ ಗೌಡರನ್ನು ಬಿಟ್ಟು ಭಾವನ ಬಾಯೊಳಕ್ಕೆ ಹಾರಿತು! "ಆ... ಆಆ... ಮಂಆಆ..."

ನಾನು ಗಂಟಲು ಸರಿಮಾಡಿಕೊಂಡು, ಮೂಗಿನಿಂದ ಭಾವನ ದನಿ ತೆಗೆದು "ಸಾಕು!" ಎಂದೆ. ತಟ್ಟನೆ ಹುಳ ಆಚೆ ಬಂತು. ಬಂದದ್ದು ನಿಲ್ಲದೆ ಮೆಟ್ಟಿಲಿಳಿಯತೊಡಗಿತು.

"ಅಯ್ಯೋ, 'ಸಾಕು' ಅಂದ್ರೆ ಈ ಬಾಯಿ ಮುಗೀತು, ಮುಂದಿನ ಬಾಯಿ ನೋಡು ಅಂತ ಕಲಿಸಿದೀನಿ ಕಣೇ!" ಎಂದು ಭಾವ ತಲೆ ಚಚ್ಚಿಕೊಂಡರು.

ಕೆಳಗಿನಿಂದ ಘಮಘಮ ವಾಸನೆ ಬಂತು. ಯಾರೋ ಕೊಪ್ಪರಿಗೆಯ ಮುಚ್ಚಳ ತೆಗೆದಿದ್ದರು.

"ನನ್ನ ಪಲಾವು!" ಎಂದು ಪುಟ್ಟಶಾಮಯ್ಯನವರು ಕಿರುಚಿದರು.

ನಾವು ಹೋಗುವಷ್ಟರಲ್ಲಿ ಹುಳ ಕೊಪ್ಪರಿಗೆಗೆ ಧುಮುಕಿತ್ತು. ಭಾವ "ಸಾಕು!" ಎಂದರು. ನಾನೂ ಅವರದೇ ದನಿಯಲ್ಲಿ "ಸಾಕು ಸಾಕು!" ಎಂದೆ. ಒಂದೊಂದು 'ಸಾಕು'ವಿಗೂ ಅದು ಹಿಡಿದ ಅಗುಳು ಬಿಟ್ಟು ಮುಂದಿನ ಅಗುಳು ಉಜ್ಜತೊಡಗಿತು. ನಾವು ಜೋರಾಗಿ ಕೂಗಿದಷ್ಟೂ ಅದರ ಕೆಲಸ ಜೋರಾಯಿತು! ಹತ್ತು ನಿಮಿಷದಲ್ಲಿ ಮಸಾಲೆಯೆಲ್ಲ ಒಂದು ಮೂಲೆಗೆ, ಅನ್ನವೆಲ್ಲ ಇನ್ನೊಂದು ಮೂಲೆಗೆ. ಪ್ರತಿ ಅಗುಳೂ ಮಗುವಿನ ಹಾಲುಹಲ್ಲಿನಂತೆ ಬೆಳ್ಳಗೆ! ಕ್ಯಾರೆಟ್ಟೂ ಬೆಳ್ಳಗೆ!

ಪುಟ್ಟಶಾಮಯ್ಯನವರು ಒಂದು ತುತ್ತು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ನಾಲಿಗೆ ಸರಿಹೋಗಿದೆ ಡಾಕ್ಟ್ರೇ. ಇದಕ್ಕೆ ರುಚಿಯೇ ಇಲ್ಲ ಅನ್ನೋದು ಚೆನ್ನಾಗಿ ತಿಳೀತಿದೆ."

ಪಂಕ್ತಿ ಕೂತಾಗಿತ್ತು, ಅದನ್ನೇ ಬಡಿಸಿದರು. ಗಂಡಿನ ತಂದೆ ಮರುಳಸಿದ್ದಪ್ಪನವರು ಎರಡು ತುತ್ತು ತಿಂದು, "ಇದೇನ್ರೀ, ಪಥ್ಯಾನಾ?" ಎಂದು ಕೈ ತೊಳೆದರು. ಪುಟ್ಟಶಾಮಯ್ಯನವರು ಕಂಬಕ್ಕೊರಗಿದರು. ಮದುವೆ ಅಡುಗೆ ಹಾಸನಕ್ಕೆ ಹೊರಟೇಹೋಯಿತು ಎಂದುಕೊಂಡೆವು.

ಮರುಳಸಿದ್ದಪ್ಪನವರು ಸಿಟ್ಟಿನಲ್ಲೇ ಒಂದು ಬೀಡಾ ಬಾಯಿಗಿಟ್ಟರು. ಬೀಡಾಕ್ಕೆ ಚುಚ್ಚಿದ್ದು ಲವಂಗ! ಹುಳ ಕೊಪ್ಪರಿಗೆಯಿಂದ ಛಂಗನೆ ಹಾರಿ ಅವರ ಬಾಯಿ ಸೇರಿತು. ಕಿರ್ರ್... ಚುರ್ರ್...

ಅವರು ಬಾಯಿ ತೆರೆದಾಗ ಮೂವತ್ತು ವರ್ಷದ ಎಲೆಯಡಿಕೆ ಕೆಂಪು ಮಂಗಮಾಯ! ಅವರ ಹೆಂಡತಿ ದಿಟ್ಟಿಸಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮ ಮದುವೇಲಿ ಹಿಂಗೇ ಇದ್ರು ಕಣ್ರವ್ವಾ! ಊಟ ಹೆಂಗಾದ್ರೂ ಇರಲಿ, ಇಂಥ ಬೀಡಾ ಕೊಟ್ಟ ಈ ಅಡುಗೆಯೋರೇ ಮಗನ ಮದುವೆಗೂ ಬರಬೇಕು" ಎಂದು ಸಾರಿಬಿಟ್ಟರು.

ಪುಟ್ಟಶಾಮಯ್ಯನವರು ಭಾವನನ್ನು ತಬ್ಬಿಕೊಂಡರು.

ಹುಳ ಮಾತ್ರ ಇನ್ನೂ ವಾಪಸ್ ಬಂದಿಲ್ಲ. ಮರುಳಸಿದ್ದಪ್ಪನವರು ಈಗ ಸಭೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲವಂತೆ. ಹಲ್ಲು ತೋರಿಸುವ ಆಸೆಗಲ್ಲ, ಮಾತು ನಿಲ್ಲಿಸಿದರೆ ಪಕ್ಕದವರಿಗೆ ಒಳಗೆ ಹುಳ ಉಜ್ಜುವ ಸದ್ದು ಕೇಳಿಸುತ್ತದಂತೆ.