ಎಲುಬಿನ ವಾರ್ಡಿಗೆ ಬಂದ ಪರದೇಶದ ಬೀಗರು

ಹಂಪಿ, ಬಾದಾಮಿ, ಗೋಕರ್ಣ ನೋಡಲೆಂದು ಬಂದ ಪರದೇಶದವರು ಕೈಕಾಲು ಮುರಿದುಕೊಂಡು ನಮ್ಮ ವಾರ್ಡಿನ ಫ್ಯಾನು ನೋಡುತ್ತ ಮಲಗುವುದು ಹೊಸದೇನಲ್ಲ. ಒಬ್ಬರು ಎದ್ದು ಹೋದರೆಂದು ಚಾದರ ಬದಲಿಸುವಷ್ಟರಲ್ಲಿ ಇನ್ನೊಬ್ಬರು ಸ್ಟ್ರೆಚರ್ ಮೇಲೆ ಹಾಜರು. ನಾನು ಸತ್ತೂರ ಕಡೆಯ ಒಂದು ಆಸ್ಪತ್ರೆಯಲ್ಲಿ ಎಲುಬಿನ ವಾರ್ಡಿನ ಸಿಸ್ಟರ್. ಪೇಷಂಟ್‌ಗಳಿಗೆ ವಾಕರ್ ಹಿಡಿಸಿ ನಡೆಸುತ್ತೇನೆ. ಚೆನ್ನಾಗಿ ನಡೆಯಲು ಬಂದ ಕೂಡಲೇ ಅವರು ನಡೆದೇ ಬಿಡುತ್ತಾರೆ.

ನಮ್ಮ ಕಡೆ ಮನೆಯಿಂದ ಹೊರಡುವವರು 'ಹೋಗ್ತೇನಿ' ಅನ್ನಬಾರದು, 'ಬರ್ತೇನಿ' ಅನ್ನಬೇಕು. ದವಾಖಾನೆಯಿಂದ ಹೊರಡುವವರು ಮಾತ್ರ ತಪ್ಪಿಯೂ 'ಬರ್ತೇನಿ' ಅನ್ನಬಾರದು. ನಾವೂ 'ಮತ್ತ ಬರ್ರಿ' ಅನ್ನುವಂತಿಲ್ಲ. ಮನೆಗೆ ಬಂದ ನೆಂಟರೆಲ್ಲ ನಮ್ಮ ಕಡೆ ಬೀಗರೇ; ಹೀಗೆ ಬಾಯಿಬಿಟ್ಟು ಕರೆಯಲಾಗದ ಬೀಗರು ಇವರು. ಹೋದ ಮೇಲೆ ಬಹಳ ನೆನಪಾಗುತ್ತಾರೆ.

ಎಮ್ಮೆಯ ಕಥೆ

ಗೋಕರ್ಣದಲ್ಲಿ ಬಾಡಿಗೆ ಸ್ಕೂಟರ್ ಓಡಿಸುತ್ತಿದ್ದ ತರುಣನೊಬ್ಬ, ಎಮ್ಮೆ ಅಡ್ಡ ಬಂದದ್ದರಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ಪಕ್ಕದ ಹಾಸಿಗೆಯಲ್ಲಿ ಗೋಕುಲ ರಸ್ತೆಯ ಮೆಕ್ಯಾನಿಕ್ ಕಾಕಾ. ಕಾಕಾನನ್ನು ಮಾತಾಡಿಸಲು ಬಂದ ಬಳಗವೆಲ್ಲ ಇವನ ಕೈಗೂ ಒಂದು ಬಿಸ್ಕೀಟು ಪುಡಾ ಇಟ್ಟು "ಹ್ಯಾಂಗಾತ್ರಿ?" ಎಂದು ಕೇಳುತ್ತಿತ್ತು. ಪೇಷಂಟನ್ನು ಹಾಗೆ ಕೇಳದಿದ್ದರೆ ನಮ್ಮಲ್ಲಿ ಬಂದದ್ದೇ ದಂಡ. ಭಾಷೆ ಬರದ ಅವನು ಬಾಯಲ್ಲೇ ಸ್ಕೂಟರ್ ಸದ್ದು ಮಾಡಿ, ತಲೆಯ ಮೇಲೆ ಬೆರಳಿಟ್ಟು ಕೋಡು ತೋರಿಸಿ, ಧೊಪ್ಪನೆ ದಿಂಬಿನ ಮೇಲೆ ಬೀಳುತ್ತಿದ್ದ. ಅವನು ನಿದ್ದೆಯಲ್ಲಿದ್ದರೆ ಕಾಕಾ, "ಎಬ್ಬಿಸಬ್ಯಾಡ್ರಿ, ನಾ ಹೇಳ್ತೇನಿ" ಎಂದು ಶುರು ಮಾಡುವರು. ಕಾಕಾನ ಬಾಯಲ್ಲಿ ಎಮ್ಮೆ ಮೊದಲು ಎರಡಾಯಿತು, ಆಮೇಲೆ ಹಿಂಡೇ ಆಯಿತು.

ಮನೆಯವರೊಡನೆ ಫೋನಿನಲ್ಲಿ ಮಾತಾಡಿ ಮುಗಿಸಿದಾಗಲೆಲ್ಲ ಆ ತರುಣನ ಕಣ್ಣು ಕೆಂಪಾಗಿರುತ್ತಿತ್ತು. ಸಂಜೆಯಾದರೆ ಬಾಗಿಲು ನೋಡುತ್ತಿದ್ದ. ಕಾಕಾನ ಬಳಗ ಕಂಡರೆ ತಲೆಗೂದಲು ಸರಿಮಾಡಿಕೊಂಡು ಎದ್ದು ಕೂರುತ್ತಿದ್ದ. ಒಂದು ದಿನ ವಿಮೆ ಕಂಪನಿಯವನು ಬಂದು, ಅಪಘಾತ ಹೇಗಾಯಿತೆಂದು ಇಂಗ್ಲಿಷಿನಲ್ಲಿ ಕೇಳಿದ. ಇವನು ಕಾಕಾನ ಕಡೆ ಕೈ ತೋರಿಸಿ, "ಅವರನ್ನು ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ" ಎಂದ.

ಮೆಣಸಿನಕಾಯಿ

ವಾರ್ಡಿನ ಹೆಂಗಸರ ಕಡೆಗೆ ಬಂದ ಪರದೇಶದ ಹುಡುಗಿಯೊಬ್ಬಳು ಬಾದಾಮಿಯಲ್ಲಿ ಮಂಗನ ಜೊತೆ ಫೋಟೊ ತೆಗೆಸಿಕೊಳ್ಳಲು ಹೋಗಿ ಕಚ್ಚಿಸಿಕೊಂಡಿದ್ದಳು. ಓಡುವಾಗ ಮೆಟ್ಟಿಲ ಮೇಲೆ ಬಿದ್ದು ಮುಂಗೈಯನ್ನೂ ಮುರಿದುಕೊಂಡಿದ್ದಳು. ಮಂಗ ಕಚ್ಚಿದ್ದಕ್ಕೆ ಹಲವು ಡೋಸು ಸೂಜಿ ಆಗಬೇಕು, ಒಂದನ್ನೂ ತಪ್ಪಿಸುವಂತಿಲ್ಲ ಎಂದು ಡಾಕ್ಟರು ಹೇಳಿ ಹೋದರು. ಅವಳು ತಾಯಿಯನ್ನು ನೆನೆದು ಒಂದೇ ಸಮನೆ ಅತ್ತಳು. ನಮ್ಮ ಆಯಾಗೆ ಕರುಳು ತಡೆಯಲಿಲ್ಲ. "ಎಷ್ಟ ಬೆಳ್ಳಗದಾಳ ನೋಡ್ರಿ, ದೃಷ್ಟಿ ಆಗಿರ್ತೈತಿ" ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕಿಟಕಿಯ ಹಿಂದೆಯೇ ಸುಟ್ಟಳು. ಘಾಟಿಗೆ ವಾರ್ಡಿಗೆ ವಾರ್ಡೇ ಕೆಮ್ಮಿತು. ಡಾಕ್ಟರು ಮೂಗಿಗೆ ಕರ್ಚೀಫು ಹಿಡಿದು ಓಡಿ ಬಂದರು.

"ಘಾಟ ಬಂತ್ರಿ, ಅಂದ್ರ ದೃಷ್ಟಿ ಆಗಿಲ್ಲ" ಎಂದು ಆಯಾ ನಿರಾಶೆಯಿಂದ ಹೇಳಿದಳು. ಹುಡುಗಿ ಮಾತ್ರ ಕಣ್ಣೊರೆಸಿಕೊಂಡು, ಕೆಮ್ಮು ನಿಲ್ಲಿಸಿ, ನನ್ನನ್ನು ಕೇಳಿದಳು: "ಇದರ ಮುಂದಿನ ಡೋಸ್ ಯಾವಾಗ?"

ಇಬ್ಬರು ಅಜ್ಜಿಯರು

ಹಂಪಿಯಲ್ಲಿ ಫೋಟೊ ತೆಗೆಯುತ್ತ ಹಿಂದೆ ಹಿಂದೆ ಸರಿದು ಕಲ್ಲಿನ ಕಟ್ಟೆಯಿಂದ ಬಿದ್ದ ಪರದೇಶದ ಅಜ್ಜಿಯೊಬ್ಬಳು ಬಂದಳು. ಒಂಟಿ ಹೆಂಗಸು, ಕಾಲು ಮುರಿದಿತ್ತು. ಪಕ್ಕದ ಹಾಸಿಗೆಯಲ್ಲಿ, ಬಚ್ಚಲಲ್ಲಿ ಜಾರಿ ಬಿದ್ದ ನವಲಗುಂದ ಕಡೆಯ ಹಳ್ಳಿಯ ನಮ್ಮ ಅಜ್ಜಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಆದರೂ ಇಬ್ಬರೂ ಮಾತು ನಿಲ್ಲಿಸಿದವರಲ್ಲ. ಇವಳು ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿದರೆ ಅವಳು ಇವಳ ಉಗುರು ಕತ್ತರಿಸುತ್ತಿದ್ದಳು. ಇಬ್ಬರೂ ವಾಕರ್ ಹಿಡಿದು ಜೋಡಿಯಾಗಿ ಓಣಿ ಸುತ್ತುವಂತೆ ವರಾಂಡಾ ಸುತ್ತುತ್ತಿದ್ದರು.

ಪರದೇಶದ ಅಜ್ಜಿ ಮೊದಲು ಹೊರಟಳು. ನಮ್ಮ ಅಜ್ಜಿ ಅವಳ ಕೈ ಬಿಡಲಿಲ್ಲ. "ಬರ್ತೇನಿ ಅನ್ನು ತಂಗಿ. ಒಂದ ಸಲ ಅನ್ನು."

ನಾನು ತಡೆದೆ. "ಅಜ್ಜಿ, ದವಾಖಾನ್ಯಾಗ ಹಂಗ ಅನ್ನಿಸಬಾರದ್ರಿ. ಮತ್ತ ಕಾಲು ಮುರಕೊಂಡು ಬಂದ್ರ?"

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ಗಾಲಿಕುರ್ಚಿ ಲಿಫ್ಟಿನೊಳಗೆ ಹೋಗುವವರೆಗೂ ಪರದೇಶದ ಅಜ್ಜಿ ಹಿಂದಿರುಗಿ ನೋಡುತ್ತಲೇ ಇದ್ದಳು. ಆ ದಿನ ನಮ್ಮ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ಊಟ ಮುಟ್ಟಲಿಲ್ಲ.

ಮರುವರ್ಷ ಒಂದು ಸಂಜೆ ಪರದೇಶದ ಅಜ್ಜಿ ಕೋಲಿಲ್ಲದೆ, ಕೈಯಲ್ಲಿ ಬಿಸ್ಕೀಟು ಪುಡಾ ಹಿಡಿದು, ವಾರ್ಡಿನೊಳಗೆ ನಡೆದು ಬಂದಳು. ನೆಟ್ಟಗೆ ಆ ಹಾಸಿಗೆಗೇ ಹೋದಳು. ಗೆಳತಿಯದೆಂದು ಅವಳಿಗೆ ಗೊತ್ತಿದ್ದ ವಿಳಾಸ ಅದೊಂದೇ. ಅಲ್ಲಿ ಬೆಂಗೇರಿಯ ಯಾರೋ ಹೆಂಗಸು ಮಲಗಿದ್ದಳು. ಅಜ್ಜಿಯ ಮುಖ ಸಣ್ಣದಾಯಿತು. ಆದರೂ ತಂದ ಬಿಸ್ಕೀಟು ಕೊಟ್ಟು, ಸ್ಟೂಲು ಎಳೆದು ಕುಳಿತು, "ಹ್ಯಾಂಗಾತ್ರಿ?" ಎಂದಳು. ಆ ಹೆಂಗಸು ಮಾಳಿಗೆಯಿಂದ ಬಿದ್ದ ಕಥೆಯನ್ನೆಲ್ಲ ಹೇಳಿದಳು. ಅಜ್ಜಿ ಒಂದಕ್ಷರ ತಿಳಿಯದಿದ್ದರೂ ಸರಿಯಾದ ಜಾಗಗಳಲ್ಲಿ "ಛೇ, ಛೇ" ಅಂದಳು.

ನಾನು ನಮ್ಮ ಅಜ್ಜಿಯ ಮಗನಿಗೆ ವಿಡಿಯೊ ಕಾಲ್ ಮಾಡಿದೆ. ಅವನು ಫೋನು ತಾಯಿಯ ಕೈಗೆ ಕೊಟ್ಟ. ನಮ್ಮ ಅಜ್ಜಿ ಅದರಲ್ಲಿ ಮೊದಲು ನೋಡಿದ್ದು ಗೆಳತಿಯ ಮುಖ, ಆಮೇಲೆ ಅದರ ಹಿಂದಿನ ವಾರ್ಡಿನ ಗೋಡೆ.

"ಅಯ್ಯ ನನ್ನವ್ವಾ! ಮತ್ತ ಮುರಕೊಂಡೇನ ತಂಗಿ?" ಎಂದು ಚೀರಿದಳು. ಫೋನಿನಲ್ಲಿ ನನ್ನನ್ನು ಕಂಡು, "ಸಿಸ್ಟರ್, ನಾ ಬಾಯಿಬಿಟ್ಟು ಅನ್ನಿಸಲಿಲ್ಲಲ್ರಿ! ದಿನಾ ಮನಸ್ಸಿನ್ಯಾಗಷ್ಟ ಬಾ ಬಾ ಅಂದೇನಿ!" ಎಂದು ಅಳತೊಡಗಿದಳು.

ಅದು ಹೇಗೆ ತಿಳಿಯಿತೋ, ಪರದೇಶದ ಅಜ್ಜಿ ವಾರ್ಡಿನ ನಡುವೆ ಒಂದು ಕಾಲು ಎತ್ತಿ ತೋರಿಸಿದಳು, ಇನ್ನೊಂದನ್ನೂ ಎತ್ತಿ ತೋರಿಸಿದಳು, ಕೊನೆಗೆ ಸಣ್ಣಗೆ ಜಿಗಿದಳು. ಪ್ಲಾಸ್ಟರ್ ಹಾಕಿಕೊಂಡವರೆಲ್ಲ ಮಲಗಿದಲ್ಲೇ ಚಪ್ಪಾಳೆ ತಟ್ಟಿದರು.

ನಮ್ಮ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆಳತಿಯ ಎರಡೂ ಕಾಲನ್ನು ಫೋನಿನಲ್ಲೇ ದಿಟ್ಟಿಸಿ ನೋಡಿದಳು. ಆಮೇಲೆ ಬೈದಳು:

"ಕಾಲು ಎರಡೂ ಛಲೋ ಅದಾವಲ್ಲ? ಮತ್ತ ದವಾಖಾನ್ಯಾಗ ಏನ ಮಾಡಾಕತ್ತಿ? ರೊಟ್ಟಿ ಬಡ್ಯಾಕತ್ತೇನಿ, ಲಗೂನ ಮನಿಗೆ ಬಾ!"