ಹಯವದನರಾಯರು ಮಾಡಿದ ಪೆಟ್ಟಿಗೆ

“ಇವತ್ತಿನಿಂದ ಎಂಟು ದಿನ. ಒಂಬತ್ತನೇ ದಿನ ಅವ್ವನ ಕೈಯಾಗ ಒಂದು ಪೆಟ್ಟಿಗಿ ಇಡ್ತೀನಿ. ಇಡದಿದ್ರ ನನ್ನ ಹೆಸರು ಹಯವದನ ಅಲ್ಲ!”

ಬರೋಡೆಯ ಫತೇಗಂಜಿನ ಬಾಡಿಗೆ ಮನೆಯಲ್ಲಿ, ಅರವತ್ತಮೂರನೆಯ ಇಸವಿಯ ಒಂದು ಭಾನುವಾರ ಬೆಳಿಗ್ಗೆ, ಚಹದ ಬಟ್ಟಲು ಕೆಳಗಿಡುತ್ತ ಹಯವದನರಾಯರು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದರು. ಅಕ್ಕಿ ಆರಿಸುತ್ತಿದ್ದ ಹೆಂಡತಿ ಜಯಾ ತಲೆ ಎತ್ತಲಿಲ್ಲ. ರೈಲ್ವೆ ಕಚೇರಿಯಲ್ಲಿ ಹದಿನಾರು ವರ್ಷ ಗುಮಾಸ್ತಿಕೆ ಮಾಡಿದ ಗಂಡನ ಕೈ ಪೆನ್ಸಿಲು ಕೆತ್ತುವಾಗಲೂ ಬೆರಳು ಕೊಯ್ದುಕೊಳ್ಳುತ್ತಿತ್ತು.

“ಹೆಸರು ಬದಲಿಸೋದು ಭಾಳ ತ್ರಾಸಿನ ಕೆಲಸ ರೀ. ಸರ್ವಿಸ್ ಬುಕ್ಕಿನಾಗೆಲ್ಲ ಇದೇ ಅದ,” ಎಂದಳು.

ರಾಯರು ನಗಲಿಲ್ಲ. ಅದು ನಗುವ ಮನೆಯೂ ಆಗಿರಲಿಲ್ಲ. ಬಾಗಲಕೋಟೆಯಲ್ಲಿ ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ತಾಯಿ ಪದ್ಮಾವತಿಬಾಯಿಯನ್ನು ಇಲ್ಲಿಗೆ ಕರೆತಂದು ಹತ್ತು ತಿಂಗಳು. ಈ ಹತ್ತು ತಿಂಗಳಲ್ಲಿ ಆಕೆಯ ಬಾಯಿಂದ ಬಂದದ್ದು ಮೂರೇ ಮಾತು: ‘ಹೂಂ’, ‘ಸಾಕು’, ‘ಇರಲಿ’. ಮಧ್ಯಾಹ್ನವಾದರೆ ಪಡಸಾಲೆಯಲ್ಲಿ ಕೂತು ಒಂದು ಹಳೆಯ ವನಸ್ಪತಿ ತುಪ್ಪದ ಡಬ್ಬಿ ತೆಗೆಯುವರು. ಅದರೊಳಗಿನ ಗಂಡನ ಚಾಳೀಸನ್ನು, ಆ ಹಳೆಯ ಕನ್ನಡಕವನ್ನು, ಸೆರಗಿನಿಂದ ಒರೆಸಿ, ಮತ್ತೆ ಡಬ್ಬಿಗೆ ಹಾಕಿ ಮುಚ್ಚುವರು. ಡಬ್ಬಿಯ ತುಕ್ಕು ಚಾಳೀಸಿಗೂ ಹತ್ತಿತ್ತು. ಒಂದು ಒಳ್ಳೆಯ ಪೆಟ್ಟಿಗೆ ಕೊಟ್ಟರೆ ಅವ್ವ ನಾಲ್ಕನೆಯ ಮಾತು ಆಡಿಯಾಳು ಎಂಬುದು ರಾಯರ ಆಸೆ.

“ಪೆಟ್ಟಿಗಿ ಅಂಗಡಿಯಾಗ ಸಿಗ್ತಾವಲ್ಲ,” ಎಂದಳು ಜಯಾ.

“ಅಂಗಡೀ ಪೆಟ್ಟಿಗ್ಯಾಗ ಮಗನ ಕೈ ಇರ್ತದೇನು?”

“ಇರೋದಿಲ್ಲ. ಅದಕ್ಕ ಅದರ ಮುಚ್ಚಳ ಕೂಡ್ತದ.”

ಮರಕ್ಕೇನೂ ಬರವಿರಲಿಲ್ಲ. ವರ್ಗದ ನೌಕರಿಯವರು ಸಾಮಾನು ತುಂಬಿ ತಂದ ಮರದ ಖೋಕೆಗಳನ್ನು ಬಿಚ್ಚಿದರೂ ಹಲಗೆ ಬಿಸಾಡುವುದಿಲ್ಲ; ಮುಂದಿನ ವರ್ಗಕ್ಕೆ ಬೇಕಾಗುತ್ತದೆಂದು ಅಟ್ಟಕ್ಕೆ ಏರಿಸಿಡುತ್ತಾರೆ. ರಾಯರು ಏಣಿ ಹಾಕಿ ಹತ್ತಿದರು, ಸೀನಿದರು, ಜೇಡರ ಬಲೆಯನ್ನು ಪೇಟದಂತೆ ಸುತ್ತಿಕೊಂಡರು. ಬಿಳಿಚಿದ ಖೋಕೆ ಹಲಗೆಗಳ ನಡುವೆ, ಗೋಣಿತಟ್ಟಿನಲ್ಲಿ ಸುತ್ತಿದ್ದ ಒಂದು ಕಪ್ಪು ಹಲಗೆ ಸಿಕ್ಕಿತು. ಉಗುರಿನಿಂದ ಕೆರೆದರು. ಒಳಗೆ ಜೇನುಬಣ್ಣ. ಸಾಗವಾನಿ! ನಡುವೆ ತಗ್ಗು ಬಿದ್ದಿತ್ತು, ಅಂಚಿನಲ್ಲೊಂದು ಕಡೆ ಸಣ್ಣ ಗುಳಿ. ಆದರೇನು, ಖೋಕೆಗೆ ಸಾಗವಾನಿ ಜಡಿದು ಕಳಿಸಿದ ಪುಣ್ಯಾತ್ಮನನ್ನು ಅವರು ಮನಸಾರೆ ಹರಸಿದರು.

ಅವ್ವನಿಗೆ ಗುಟ್ಟು ತಿಳಿಯಬಾರದಲ್ಲ. ಅದಕ್ಕಾಗಿ ರಸ್ತೆಯಾಚೆಯ ಬಡಿಗ ಛಗನ್ ಮಿಸ್ತ್ರಿಯ ಚಪ್ಪರವೇ ಕಾರ್ಖಾನೆಯಾಯಿತು. ಮಿಸ್ತ್ರಿ ಹಲಗೆಯನ್ನು ತಿರುಗಿಸಿ ನೋಡಿ, ಮೂಸಿ, ತನ್ನ ಗುಜರಾತಿ ಬೆರೆತ ಹಿಂದಿಯಲ್ಲಿ, “ಸಾಹೇಬ, ಇದು ಖೋಕೆಯ ಮರವಲ್ಲ. ಮನೆಯೊಳಗೆ ಬಾಳಿದ ಮರ. ಮನೆಯವರನ್ನು ಒಂದು ಮಾತು ಕೇಳಿ ಕೊಯ್ಯಿರಿ,” ಎಂದ.

“ಮನೆಯ ಯಜಮಾನ ನಾನೇ,” ಎಂದು ರಾಯರು ಗರಗಸ ಎತ್ತಿದರು.

ನಡುವಿನ ತಗ್ಗು ಹೋಗುವವರೆಗೆ ಉಜ್ಜುಗೊರಡು ಹೊಡೆಯಲು ಮೂರು ಸಂಜೆ ಹಿಡಿಯಿತು. ಸುರುಳಿಸುರುಳಿಯಾಗಿ ಬಿದ್ದ ಸಿಪ್ಪೆಯನ್ನು ಚೀಲ ತುಂಬಿ ಮನೆಗೆ ತಂದರು. ಜಯಾ ಅದನ್ನು ಬಚ್ಚಲ ಒಲೆಗೆ ಹಾಕಿ ಅತ್ತೆಗೆ ಸ್ನಾನದ ನೀರು ಕಾಯಿಸಿದಳು. ನಾಲ್ಕನೆಯ ದಿನ ಒಂದು ಪಕ್ಕ ಗಿಡ್ಡವಾಯಿತು; ಅದಕ್ಕೆ ಸರಿದೂಗಿಸಲು ಎದುರಿನ ಪಕ್ಕ ಕೊಯ್ದರು. ಆಗ ಅದು ಇನ್ನೂ ಗಿಡ್ಡವಾಯಿತು. ಮೊಳದುದ್ದ ಹೊರಟ ಪೆಟ್ಟಿಗೆ ಗೇಣಿಗೆ ಬಂದು ನಿಂತಿತು. ಮೊಳೆಗಿಂತ ಹೆಚ್ಚು ಏಟು ಹೆಬ್ಬೆರಳು ತಿಂದಿತು. ಮುಚ್ಚಳ ಈ ಮೂಲೆಗೆ ಕೂಡಿದರೆ ಆ ಮೂಲೆಗೆ ಏಳುತ್ತಿತ್ತು. ಮಿಸ್ತ್ರಿ ಪಾಪ ನೋಡಲಾರದೆ ಬೆನ್ನು ತಿರುಗಿಸಿ ಬೀಡಿ ಸೇದಿದ.

ಒಂಬತ್ತನೆಯ ದಿನ ಸಂಜೆ ರಾಯರು ಪೆಟ್ಟಿಗೆಯನ್ನು ಬೆನ್ನ ಹಿಂದೆ ಹಿಡಿದು ಪಡಸಾಲೆಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಪದ್ಮಾವತಿಬಾಯಿ ತಲೆ ಎತ್ತಿದರು.

“ಹಯೂ, ಇಲ್ಲಿ ಬಾರೋ. ನಾಡಿದ್ದು ಅವರ ವರ್ಷಾಂತಿಕ. ಅಟ್ಟದ ಮ್ಯಾಲಿಂದ ನಿಮ್ಮಪ್ಪನ ಮಣೀ ಇಳಿಸಿ ಕೊಡು.”

ನಾಲ್ಕನೆಯ ಮಾತು! ಅಷ್ಟೇ ಅಲ್ಲ, ಐದು, ಆರು, ಏಳು! ರಾಯರ ಕಣ್ಣು ತುಂಬಿ ಬಂತು. ಆ ಸಂತೋಷದಲ್ಲಿ ಮಾತಿನ ಅರ್ಥ ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ಯಾ... ಯಾವ ಮಣೀ ಅವ್ವಾ?”

“ಅವರು ಊಟಕ್ಕ ಕೂಡ್ತಿದ್ದ ಮಣೀ. ರೈಲಿನಾಗ ಅದರ ಕಾಲುಪಟ್ಟಿ ಕಿತ್ತು ಹೋದ್ವು. ಯಾರರೆ ತುಳಿದಾರು ಅಂತ, ಜಯಾ ತವರಿಗೆ ಹೋದಾಗ ಹಾಲಿನವಗ ಕೈಸನ್ನಿ ಮಾಡಿ ಅಟ್ಟದ ಮ್ಯಾಲ ಇಡಿಸೀನಿ, ಗೋಣೀತಟ್ಟಿನಾಗ ಸುತ್ತಿ. ಶ್ರಾದ್ಧದ ದಿನ ಆಚಾರ್ಯರು ಅದರ ಮ್ಯಾಲ ಕೂತು ಉಂಡ್ರ ಅವರೇ ಬಂದು ಉಂಡಂಗ. ಗುರ್ತು ಹಿಡೀತಿ ಬಿಡು. ನಲವತ್ತು ವರ್ಷ ಕೂತು ಕೂತು ನಡುವ ತಗ್ಗು ಬಿದ್ದದ.”

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಯಾ ಮೆಲ್ಲಗೆ ಬಚ್ಚಲ ಒಲೆಯ ಕಡೆ ನೋಡಿದಳು.

ಭೂಮಿ ಬಾಯಿ ಬಿಟ್ಟಿದ್ದರೆ ರಾಯರು ಪೆಟ್ಟಿಗೆ ಸಮೇತ ಇಳಿದುಬಿಡುತ್ತಿದ್ದರು. ಹದಿನೈದನೆಯ ವಯಸ್ಸಿಗೆ ಓದಲೆಂದು ಮನೆ ಬಿಟ್ಟವರು ಅವರು. ಅಪ್ಪ ಕೂತದ್ದನ್ನು ಕಂಡಿದ್ದರೇ ಹೊರತು ಅಪ್ಪನ ಮಣೆಯನ್ನು ಎಂದೂ ನೋಡಿರಲಿಲ್ಲ. ಬೆನ್ನ ಹಿಂದಿನ ಕೈ ತಾನಾಗಿ ಮುಂದೆ ಬಂತು.

ಪದ್ಮಾವತಿಬಾಯಿ ಪೆಟ್ಟಿಗೆಯನ್ನು ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ತಳದಲ್ಲಿ, ರಾಯರ ಉಜ್ಜುಗೊರಡು ತಪ್ಪಿ ಉಳಿಸಿದ ಒಂದು ಮೂಲೆಯಲ್ಲಿ, ಆ ಸಣ್ಣ ಗುಳಿ ಅರ್ಧ ಉಳಿದಿತ್ತು. ಅದರೊಳಗೆ ಬೆರಳಿಟ್ಟರು.

“ಸಾರಿಗೆ ಉಪ್ಪು ಕಡಿಮಿ ಆದಾಗೆಲ್ಲ ಇಲ್ಲೇ ಉಂಗುರದಲೆ ಕುಟ್ತಿದ್ರು,” ಎಂದರು. “ಬಾಯಿ ತಗದು ಒಮ್ಮೆನೂ ಬೈಲಿಲ್ಲ.”

ಆಮೇಲೆ ಅತ್ತರು. ಹತ್ತು ತಿಂಗಳಲ್ಲಿ ಮೊದಲ ಸಲ ಬಾಯಿ ಬಿಟ್ಟು ಅತ್ತರು. ರಾಯರೂ ಪಕ್ಕದಲ್ಲಿ ಕುಸಿದು ಕೂತು ಅತ್ತರು. ಕಣ್ಣೊರೆಸಿಕೊಂಡು ಪದ್ಮಾವತಿಬಾಯಿ ಡಬ್ಬಿಯಿಂದ ಚಾಳೀಸು ತೆಗೆದು ಪೆಟ್ಟಿಗೆಯಲ್ಲಿಟ್ಟರು. ಅಳತೆಗೆ ಸರಿಯಾಗಿ ಕೂತಿತು. ಮುಚ್ಚಳ ಹಾಕಿದರು. ಒಂದು ಮೂಲೆ ಎದ್ದು ನಿಂತಿತು.

“ಅವ್ವಾ, ಆಚಾರ್ಯರಿಗೆ ನಾನು ಇನ್ನೊಂದು ಮಣೀ...”

“ಬ್ಯಾಡಪಾ, ಬ್ಯಾಡ,” ಎಂದು ಆಕೆ ಗಾಬರಿಯಿಂದ ಕೈ ಅಡ್ಡ ಮಾಡಿದರು. “ಅವರಿಗೆ ನನ್ನ ಮಣೀ ಹಾಕಿದ್ರಾತು. ಅದನ್ನರೆ ನಾ ಇರೋತನಕ ಬಿಡು. ನಾ ಹೋದ ಮ್ಯಾಲ ಬೇಕಾದ್ರ ಅದನ್ನ ಕೊಯ್ದು ಈ ಪೆಟ್ಟಿಗಿಗೊಂದು ಮುಚ್ಚಳ ಮಾಡಿಸು. ಆದ್ರ ಹಯೂ, ನೀ ಮಾಡಬ್ಯಾಡ. ಮಿಸ್ತ್ರಿಗೆ ಕೊಡು.”